ಅಡ್ಡಗೋಡೆಯ ಮೇಲಿಟ್ಟ ದೀಪ: ಯಾಲ್ಟಾದಲ್ಲಿ ಬರೆದದ್ದು, ಬರೆಯದೆ ಬಿಟ್ಟದ್ದು

ಮೊದಲು ಒಂದು ಮಾತು ಓದಿಬಿಡಿ. ಪೋಲೆಂಡಿನಲ್ಲಿ ಈಗ ಕೆಲಸ ಮಾಡುತ್ತಿರುವ ತಾತ್ಕಾಲಿಕ ಸರ್ಕಾರವನ್ನು ಇನ್ನಷ್ಟು ವಿಶಾಲವಾದ ಪ್ರಜಾಪ್ರಭುತ್ವದ ತಳಹದಿಯ ಮೇಲೆ ಮರುರಚನೆ ಮಾಡಬೇಕು. 1945ರ ಫೆಬ್ರವರಿಯಲ್ಲಿ ಕಪ್ಪು ಸಮುದ್ರದ ದಡದ ಯಾಲ್ಟಾದಲ್ಲಿ ಅಮೆರಿಕದ ರೂಸ್‌ವೆಲ್ಟ್, ಬ್ರಿಟನ್ನಿನ ಚರ್ಚಿಲ್, ಸೋವಿಯತ್ ಒಕ್ಕೂಟದ ಸ್ಟಾಲಿನ್ ಮೂವರೂ ಒಪ್ಪಿ ಸಹಿ ಹಾಕಿದ ಕಾಗದದಲ್ಲಿ ಬರುವ ಮಾತು ಇದು.

ಓದಿದರೆ ಏನೂ ತಪ್ಪು ಕಾಣಿಸುವುದಿಲ್ಲ. ಇನ್ನೊಮ್ಮೆ ಓದಿ. ಇರುವ ಸರ್ಕಾರ ಇಳಿದು ಹೊಸದು ಬರಬೇಕು ಅಂತಲಾ? ಅಥವಾ ಇರುವ ಸರ್ಕಾರವೇ ಇರಲಿ, ನಾಲ್ಕಾರು ಹೊಸ ಮುಖ ಸೇರಿಸಿಕೊಂಡರೆ ಸಾಕು ಅಂತಲಾ? ಎರಡೂ ಅರ್ಥ ಬರುತ್ತದೆ. ರೂಸ್‌ವೆಲ್ಟ್, ಚರ್ಚಿಲ್ ಮೊದಲನೆಯ ಅರ್ಥ ಹಿಡಿದುಕೊಂಡು ಊರಿಗೆ ಹೋದರು, ಸ್ಟಾಲಿನ್ ಎರಡನೆಯದನ್ನು. ಇದಕ್ಕೇ ನಮ್ಮಲ್ಲಿ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಅನ್ನುವುದು. ಆ ಕಡೆಯವರಿಗೂ ಬೆಳಕು, ಈ ಕಡೆಯವರಿಗೂ ಬೆಳಕು. ದೀಪ ಯಾರ ಮನೆಯದ್ದು ಅಂತ ಯಾರೂ ಕೇಳಬಾರದು, ಅಷ್ಟೆ.

ಶೀತಲ ಸಮರ ಹೇಗೆ ಶುರುವಾಯಿತು ಅಂತ ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ಯಾಲ್ಟಾದಲ್ಲಿ ಮೂವರೂ ಕೂತು ಯುರೋಪನ್ನು ಪಾಲು ಹಾಕಿಕೊಂಡರು ಅನ್ನುವುದು ಒಂದು. ಯುದ್ಧ ಮುಗಿಯುವವರೆಗೆ ಗೆಳೆಯರಾಗಿದ್ದವರು ಆಮೇಲೆ ಕಿತ್ತಾಡಿಕೊಂಡರು ಅನ್ನುವುದು ಇನ್ನೊಂದು. ಎರಡೂ ಅರೆಬರೆ ಸತ್ಯ ಅಂತ ನನಗನ್ನಿಸುತ್ತದೆ. ಜಗಳದ ವಿಷಯಗಳು ಯುದ್ಧದ ನಡುವೆಯೇ ಮೇಜಿನ ಮೇಲಿದ್ದವು. ಹಿಟ್ಲರ್ ಸೋಲುವ ಮೊದಲು ಅವನ್ನು ಬಿಡಿಸಲು ಹೋದರೆ ಕೂಟವೇ ಒಡೆಯುತ್ತಿತ್ತು. ಹಾಗಾಗಿ ಎರಡೂ ಕಡೆಗೆ ಎಳೆಯಬಹುದಾದ ಪದಗಳನ್ನು ಬರೆದು ಮುಂದಕ್ಕೆ ಹಾಕಿದರು. ಮುಂದೆ ಆ ಪದಗಳಿಗೆ ಅರ್ಥ ಹೇಳಿದ್ದು ಅಲ್ಲಲ್ಲಿ ನಿಂತಿದ್ದ ಸೈನ್ಯಗಳು.

ಸ್ವಲ್ಪ ಹಿಂದಕ್ಕೆ ಹೋಗೋಣ.

ಈ ಮೂರು ದೇಶಗಳು ಒಂದಾಗಿದ್ದು ಪ್ರೀತಿಯಿಂದಲ್ಲ ಅನ್ನುವುದು ಗೊತ್ತಿರುವ ವಿಷಯವೇ. 1939ರ ಆಗಸ್ಟ್ 23ರಂದು ಸ್ಟಾಲಿನ್ ಹಿಟ್ಲರನ ಜೊತೆಗೇ ಒಪ್ಪಂದ ಮಾಡಿಕೊಂಡಿದ್ದರು. ಆ ಸೆಪ್ಟೆಂಬರ್‌ನಲ್ಲಿ ಜರ್ಮನಿ ಪಶ್ಚಿಮದಿಂದ, ಸೋವಿಯತ್ ಸೇನೆ ಪೂರ್ವದಿಂದ ಪೋಲೆಂಡಿಗೆ ನುಗ್ಗಿದವು. 1941ರ ಜೂನ್ 22ರಂದು ಹಿಟ್ಲರ್ ರಷ್ಯಾದ ಮೇಲೆಯೇ ಬಿದ್ದ ಮೇಲೆ ಎಲ್ಲ ತಿರುಗುಮುರುಗಾಯಿತು. ಅವತ್ತಿನಿಂದ ಲಂಡನ್ ಮತ್ತು ಮಾಸ್ಕೋ ಒಂದು ಕಡೆ, ವರ್ಷದ ಕೊನೆಗೆ ಅಮೆರಿಕವೂ ಸೇರಿಕೊಂಡಿತು. ಆದರೆ ಹಳೆಯ ಅನುಮಾನ ಎಲ್ಲಿಗೂ ಹೋಗಲಿಲ್ಲ. ಆ ಜೂನ್‌ನಲ್ಲಿಯೇ ಅಮೆರಿಕದ ಒಬ್ಬ ಸೆನೆಟರ್ ಪತ್ರಕರ್ತರ ಮುಂದೆ ಹೇಳಿದ ಮಾತಿದೆ: ಜರ್ಮನಿ ಗೆಲ್ಲುತ್ತಿದ್ದರೆ ರಷ್ಯಾಕ್ಕೆ ಸಹಾಯ ಮಾಡೋಣ, ರಷ್ಯಾ ಗೆಲ್ಲುತ್ತಿದ್ದರೆ ಜರ್ಮನಿಗೆ ಮಾಡೋಣ, ಆದಷ್ಟು ಜಾಸ್ತಿ ಜನರನ್ನು ಅವರವರೇ ಕೊಂದುಕೊಳ್ಳಲಿ. ಹಿಟ್ಲರ್ ಗೆಲ್ಲುವುದು ತನಗೆ ಬೇಡ ಅಂತಲೂ ಅವರು ಸೇರಿಸಿದ್ದರು. ಆ ಸೆನೆಟರ್ ಹೆಸರು ಹ್ಯಾರಿ ಟ್ರೂಮನ್. ನಾಲ್ಕು ವರ್ಷದ ನಂತರ ಅವರೇ ಅಮೆರಿಕದ ಅಧ್ಯಕ್ಷರು.

ಸ್ಟಾಲಿನ್ ಕಡೆಯಿಂದ ನೋಡಿದರೆ ದೊಡ್ಡ ಗಾಯ ಎರಡನೇ ರಂಗದ್ದು. ಜರ್ಮನ್ ಸೇನೆಯ ಬಹುಪಾಲು ರಷ್ಯಾದ ನೆಲದಲ್ಲಿ ಕಾದಾಡುತ್ತಿತ್ತು. ನೀವು ಫ್ರಾನ್ಸಿನಲ್ಲಿ ಇಳಿಯಿರಿ, ಆಗ ಜರ್ಮನಿ ಸೈನ್ಯವನ್ನು ಎರಡು ಕಡೆ ಹಂಚಬೇಕಾಗುತ್ತದೆ, ನಮಗೆ ಉಸಿರು ಬರುತ್ತದೆ. ಇದು ಸ್ಟಾಲಿನ್ ಬೇಡಿಕೆ. 1942ರ ಬೇಸಿಗೆಯಲ್ಲಿ ವಿದೇಶಾಂಗ ಮಂತ್ರಿ ಮೊಲೊಟೊವ್ ವಾಷಿಂಗ್ಟನ್‌ಗೆ ಹೋದಾಗ ಈ ವರ್ಷವೇ ಆಗುತ್ತದೆ ಅನ್ನುವ ಅರ್ಥ ಬರುವ ಹಾಗೆ ರೂಸ್‌ವೆಲ್ಟ್ ಮಾತು ಕೊಟ್ಟರು. ಆಗಸ್ಟ್‌ನಲ್ಲಿ ಚರ್ಚಿಲ್ ಸ್ವತಃ ಮಾಸ್ಕೋಗೆ ಹಾರಿ ಈ ವರ್ಷ ಆಗುವುದಿಲ್ಲ ಅಂತ ಹೇಳಿ ಬಂದರು. 1943ರಲ್ಲೂ ಆಗಲಿಲ್ಲ. ಉತ್ತರ ಆಫ್ರಿಕಾ, ಆಮೇಲೆ ಇಟಲಿ. ಫ್ರಾನ್ಸಿನ ನಾರ್ಮಂಡಿಯಲ್ಲಿ ಕಾಲಿಟ್ಟಿದ್ದು 1944ರ ಜೂನ್ 6ಕ್ಕೆ. ಬೇಗ ಇಳಿದಿದ್ದರೆ ಬಹುಶಃ ಸೋತು ಸಾಯುತ್ತಿದ್ದರು ಅನ್ನುವ ವಾದದಲ್ಲಿ ಹುರುಳಿದೆ, ದೋಣಿಗಳೂ ಸಾಲದಾಗಿದ್ದವು. ಆದರೆ ಸ್ಟಾಲಿನ್‌ಗ್ರಾಡ್, ಕುರ್ಸ್ಕ್ ಕದನಗಳೆಲ್ಲ ನಡೆದದ್ದು ಹೀಗೆ ಮೂಗಿಗೆ ತುಪ್ಪ ಸವರುತ್ತಿದ್ದ ಕಾಲದಲ್ಲೇ. ಒಟ್ಟು ಯುದ್ಧದಲ್ಲಿ ಸೋವಿಯತ್ ಒಕ್ಕೂಟ ಸುಮಾರು 2.7 ಕೋಟಿ ಜನರನ್ನು ಕಳೆದುಕೊಂಡಿತು. ಅಮೆರಿಕ ಕಳೆದುಕೊಂಡದ್ದು ಸುಮಾರು 4 ಲಕ್ಷ. ಈ ಅಂತರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದೆ ಮುಂದಿನ ಯಾವ ಸಭೆಯೂ ಅರ್ಥವಾಗುವುದಿಲ್ಲ.

ಹಾಗಂತ ಪಶ್ಚಿಮದವರು ಸುಮ್ನೆ ಕೂತಿದ್ದರು ಅಂತಲೂ ಅಲ್ಲ. ಸುಮಾರು 1,100 ಕೋಟಿ ಡಾಲರ್ ಬೆಲೆಯ ಸಾಮಾನು ಅಮೆರಿಕದಿಂದ ರಷ್ಯಾಕ್ಕೆ ಹೋಯಿತು. ಲಾರಿ, ಜೀಪುಗಳೇ 4 ಲಕ್ಷದಷ್ಟು. ಸೋವಿಯತ್ತಿನ ಕೆಂಪು ಸೇನೆ ಬರ್ಲಿನ್ ತನಕ ಹೋದದ್ದರಲ್ಲಿ ಅಮೆರಿಕದ ಲಾರಿಗಳ ಪಾಲು ದೊಡ್ಡದು. ಪಶ್ಚಿಮದವರ ಮನಸ್ಸಿನಲ್ಲೂ ಒಂದು ಮುಳ್ಳಿತ್ತು. 1943ರ ಏಪ್ರಿಲ್‌ನಲ್ಲಿ ರಷ್ಯಾದ ಕಾಟಿನ್ ಕಾಡಿನಲ್ಲಿ ಸಾವಿರಾರು ಪೋಲಿಷ್ ಸೇನಾಧಿಕಾರಿಗಳ ಹೆಣಗಳು ಸಿಕ್ಕವು. 1940ರಲ್ಲಿ ಸೋವಿಯತ್ ಗುಪ್ತ ಪೊಲೀಸರು ಕಾಟಿನ್ ಮತ್ತು ಬೇರೆ ಜಾಗಗಳಲ್ಲಿ ಸುಮಾರು 22,000 ಪೋಲಿಷ್ ಕೈದಿಗಳನ್ನು ಕೊಂದಿದ್ದರು. ದೇಶ ಬಿಟ್ಟು ಲಂಡನ್ನಿನಲ್ಲಿದ್ದ ಪೋಲೆಂಡಿನ ಸರ್ಕಾರ ರೆಡ್‌ಕ್ರಾಸ್ ತನಿಖೆ ಕೇಳಿತು. ಅದನ್ನೇ ನೆಪ ಮಾಡಿಕೊಂಡು ಸ್ಟಾಲಿನ್ ಆ ಸರ್ಕಾರದ ಜೊತೆ ಸಂಬಂಧ ಕಡಿದುಕೊಂಡರು. ಕೂಟ ಒಡೆಯಬಾರದು ಅಂತ ಲಂಡನ್, ವಾಷಿಂಗ್ಟನ್ ಎರಡೂ ಬಾಯಿ ಮುಚ್ಚಿಕೊಂಡವು.

ಇಷ್ಟು ಹೊತ್ತುಕೊಂಡು ಮೂವರೂ ಮೊದಲ ಸಲ ಒಟ್ಟಿಗೆ ಕೂತಿದ್ದು ಇರಾನಿನ ರಾಜಧಾನಿ ಟೆಹರಾನ್‌ನಲ್ಲಿ, 1943ರ ನವೆಂಬರ್ 28ರಿಂದ ಡಿಸೆಂಬರ್ 1ರವರೆಗೆ. ಭದ್ರತೆಯ ಕಾರಣ ಕೊಟ್ಟು ರೂಸ್‌ವೆಲ್ಟ್ ಅವರನ್ನು ಸೋವಿಯತ್ ರಾಯಭಾರ ಕಚೇರಿಯ ಆವರಣದಲ್ಲೇ ಇಳಿಸಿಕೊಂಡರು. ಅಲ್ಲಿ ಗೋಡೆಗೆ ಕಿವಿ ಇತ್ತು, ನಿಜವಾದ ಅರ್ಥದಲ್ಲಿ. ಮೈಕ್ ಅಡಗಿಸಿಟ್ಟು ಮಾತೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಎರಡನೇ ರಂಗಕ್ಕೆ ಕೊನೆಗೂ 1944ರ ಮೇ ಅಂತ ಗಡುವು ಸಿಕ್ಕಿತು. ಜರ್ಮನಿ ಸೋತ ಮೇಲೆ ಜಪಾನಿನ ಮೇಲೆ ಯುದ್ಧಕ್ಕೆ ಬರುತ್ತೇನೆ ಅಂತ ಸ್ಟಾಲಿನ್ ಹೇಳಿದರು.

ಟೆಹರಾನ್ ಸಭೆಯಲ್ಲಿ ನಮ್ಮ ದೇಶದ ಮಾತೂ ಬಂತು. ಮೊದಲ ದಿನ ಚರ್ಚಿಲ್ ಇಲ್ಲದ ಹೊತ್ತಿನಲ್ಲಿ ರೂಸ್‌ವೆಲ್ಟ್ ಸ್ಟಾಲಿನ್‌ಗೆ ಹೇಳಿದರಂತೆ, ಭಾರತದ ವಿಷಯ ಚರ್ಚಿಲ್ ಹತ್ತಿರ ಎತ್ತಬೇಡಿ, ಅವರ ಹತ್ತಿರ ಅದಕ್ಕೆ ಪರಿಹಾರ ಇಲ್ಲ, ಅಲ್ಲಿ ಬುಡದಿಂದಲೇ ಸುಧಾರಣೆ ಆಗಬೇಕು, ಸ್ವಲ್ಪ ಸೋವಿಯತ್ ಮಾದರಿಯಲ್ಲಿ. ಅಲ್ಲಿನ ಜಾತಿ ವ್ಯವಸ್ಥೆಯಿಂದ ಅದು ತೊಡಕಿನ ವಿಷಯ, ಬುಡದಿಂದ ಬದಲಾವಣೆ ಅಂದರೆ ಕ್ರಾಂತಿಯೇ ಅಂತ ಸ್ಟಾಲಿನ್ ಉತ್ತರ ಕೊಟ್ಟರು. ದುಭಾಷಿ ಬರೆದಿಟ್ಟ ಟಿಪ್ಪಣಿಯಲ್ಲಿ ಇದು ದಾಖಲಾಗಿದೆ. 1943 ಬಂಗಾಳದ ಬರಗಾಲದ ವರ್ಷ ಅನ್ನುವುದನ್ನು ಮರೆಯಬೇಡಿ. ಎರಡು ವರ್ಷ ಮೊದಲು ಚರ್ಚಿಲ್ ಮತ್ತು ರೂಸ್‌ವೆಲ್ಟ್ ಅಟ್ಲಾಂಟಿಕ್ ಸನ್ನದಿನಲ್ಲಿ ಎಲ್ಲ ಜನರಿಗೂ ತಮ್ಮ ಸರ್ಕಾರ ಆರಿಸಿಕೊಳ್ಳುವ ಹಕ್ಕಿದೆ ಅಂತ ಬರೆದಿದ್ದರು. ಅದಾದ ಒಂದೇ ತಿಂಗಳಿಗೆ ಚರ್ಚಿಲ್ ಸಂಸತ್ತಿನಲ್ಲಿ ನಿಂತು, ಅದು ಹಿಟ್ಲರ್ ತುಳಿದ ಯುರೋಪಿನ ದೇಶಗಳ ಬಗ್ಗೆ, ಭಾರತಕ್ಕಲ್ಲ ಅಂದರು. ಹಾಗಾಗಿ ಸ್ಟಾಲಿನ್ ಪೂರ್ವ ಯುರೋಪನ್ನು ತನ್ನ ಹಿತ್ತಿಲು ಅಂತ ಅಂದುಕೊಂಡಾಗ, ಎದುರಿಗೆ ಕೂತ ಚರ್ಚಿಲ್‌ಗೆ ಅದನ್ನು ತತ್ವದ ಮೇಲೆ ವಿರೋಧಿಸುವ ಬಲ ಕಡಿಮೆ ಇತ್ತು.

ಪೋಲೆಂಡಿನ ಗಡಿ ಬದಲಾಗಿದ್ದೂ ಟೆಹರಾನಿನಲ್ಲೇ ಅನ್ನಬಹುದು. ಚರ್ಚಿಲ್ ಮೂರು ಬೆಂಕಿಕಡ್ಡಿ ತೆಗೆದು ಮೇಜಿನ ಮೇಲಿಟ್ಟು, ಪೂರ್ವದ ಗಡಿ ಪಶ್ಚಿಮಕ್ಕೆ ಸರಿದರೆ ಪಶ್ಚಿಮದ ಗಡಿಯನ್ನೂ ಜರ್ಮನಿಯ ಒಳಕ್ಕೆ ಸರಿಸಿದರಾಯಿತು ಅಂತ ತೋರಿಸಿದರು. ಪೂರ್ವ ಪೋಲೆಂಡ್ ರಷ್ಯಾಕ್ಕೆ, ಬದಲಿಗೆ ಜರ್ಮನಿಯ ನೆಲ ಪೋಲೆಂಡಿಗೆ. ಪೋಲೆಂಡಿನ ಒಬ್ಬರೂ ಆ ಕೋಣೆಯಲ್ಲಿ ಇರಲಿಲ್ಲ. ರೂಸ್‌ವೆಲ್ಟ್ ಕೊನೆಯ ದಿನ ಸ್ಟಾಲಿನ್ ಜೊತೆ ಒಬ್ಬರೇ ಮಾತಾಡಿ, ನನಗೂ ಒಪ್ಪಿಗೆಯೇ, ಆದರೆ ಮುಂದಿನ ವರ್ಷ ಚುನಾವಣೆ ಇದೆ, ಅಮೆರಿಕದಲ್ಲಿ 60-70 ಲಕ್ಷ ಪೋಲಿಷ್ ಮೂಲದವರಿದ್ದಾರೆ, ಬಹಿರಂಗವಾಗಿ ಹೇಳಲಾರೆ ಅಂದರು. ಈ ಮಾತು ಕೇಳಿದ ಸ್ಟಾಲಿನ್ ಏನು ಅಂದುಕೊಂಡಿರಬೇಕು? ಇವರಿಗೆ ಪೋಲೆಂಡ್ ಬೇಕಿಲ್ಲ, ಪೋಲಿಷ್ ವೋಟು ಬೇಕು. ಮುಂದೆ ಇವರೇ ಪೋಲೆಂಡಿನ ಸ್ವಾತಂತ್ರ್ಯದ ಬಗ್ಗೆ ದನಿ ಎತ್ತಿದಾಗ ಅವರು ಅದನ್ನು ನಂಬದೆ ಹೋದರೆ ಆಶ್ಚರ್ಯ ಇಲ್ಲ ಅಲ್ವಾ?

1944ರ ಅಕ್ಟೋಬರ್ 9ರ ರಾತ್ರಿ ಮಾಸ್ಕೋದಲ್ಲಿ ನಡೆದದ್ದು ಇನ್ನೂ ಒಂದು ಹೆಜ್ಜೆ ಮುಂದೆ. ಚರ್ಚಿಲ್ ಅರ್ಧ ಹಾಳೆಯ ಮೇಲೆ ಲೆಕ್ಕ ಬರೆದರು. ರೊಮೇನಿಯಾದಲ್ಲಿ ರಷ್ಯಾಕ್ಕೆ ಶೇ 90, ಗ್ರೀಸಿನಲ್ಲಿ ಬ್ರಿಟನ್‌ಗೆ ಶೇ 90, ಯುಗೊಸ್ಲಾವಿಯಾ ಮತ್ತು ಹಂಗರಿ ಅರ್ಧ ಅರ್ಧ, ಬಲ್ಗೇರಿಯಾದಲ್ಲಿ ರಷ್ಯಾಕ್ಕೆ ಶೇ 75. ಸ್ಟಾಲಿನ್ ನೀಲಿ ಪೆನ್ಸಿಲ್ ತೆಗೆದು ಹಾಳೆಯ ಮೇಲೆ ಒಂದು ಗುರುತು ಹಾಕಿದರು. ಕೋಟ್ಯಂತರ ಜನರ ಬದುಕನ್ನು ಇಷ್ಟು ಹಗುರವಾಗಿ ತೀರ್ಮಾನಿಸಿದಂತೆ ಕಾಣುತ್ತದೆ, ಸುಟ್ಟುಬಿಡೋಣವೇ ಅಂತ ಚರ್ಚಿಲ್ ಕೇಳಿದರು. ಬೇಡ, ನೀವೇ ಇಟ್ಟುಕೊಳ್ಳಿ ಅಂದರು ಸ್ಟಾಲಿನ್. ಇದನ್ನು ಸ್ವತಃ ಚರ್ಚಿಲ್ ನಂತರ ಹೇಳಿಕೊಂಡಿದ್ದಾರೆ. ಆ ಡಿಸೆಂಬರ್‌ನಲ್ಲಿ ಅಥೆನ್ಸಿನ ಬೀದಿಗಳಲ್ಲಿ ಬ್ರಿಟಿಷ್ ಸೈನಿಕರು ಗ್ರೀಸಿನ ಎಡಪಂಥೀಯ ಹೋರಾಟಗಾರರ ಮೇಲೆ ಗುಂಡು ಹಾರಿಸಿದಾಗ ಸ್ಟಾಲಿನ್ ತುಟಿ ಬಿಚ್ಚಲಿಲ್ಲ. ಮಾತಿಗೆ ಮಾತು ಉಳಿಸಿಕೊಂಡರು. ರೊಮೇನಿಯಾದಲ್ಲಿ ನಾನು ಏನು ಮಾಡಿದರೂ ನೀವು ಹೀಗೇ ಸುಮ್ಮನಿರಬೇಕು ಅನ್ನುವುದು ಅದರ ಇನ್ನೊಂದು ಮುಖ.

ಆ ವರ್ಷ ಪೋಲೆಂಡಿನಲ್ಲಿ ಆದದ್ದನ್ನು ಬಿಟ್ಟು ಯಾಲ್ಟಾಕ್ಕೆ ಹೋಗಲಾಗುವುದಿಲ್ಲ. ಆಗಸ್ಟ್ 1ರಂದು ವಾರ್ಸಾದ ಭೂಗತ ಸೇನೆ ಜರ್ಮನರ ವಿರುದ್ಧ ಎದ್ದಿತು. ಕೆಂಪು ಸೇನೆ ವಿಸ್ತುಲಾ ನದಿಯ ಆಚೆ ದಡಕ್ಕೆ ಬಂದು ನಿಂತಿತು, ದಾಟಲಿಲ್ಲ. ದಣಿದಿತ್ತು ಅನ್ನುವುದು ಒಂದು ಮಟ್ಟಿಗೆ ನಿಜ. ಆದರೆ ಬ್ರಿಟಿಷ್, ಅಮೆರಿಕನ್ ವಿಮಾನಗಳು ಮದ್ದುಗುಂಡು ಉದುರಿಸಿ ಹೋಗಿ ರಷ್ಯಾದ ನೆಲದಲ್ಲಿ ಇಳಿಯುತ್ತೇವೆ ಅಂದರೆ ಅದಕ್ಕೂ ವಾರಗಟ್ಟಲೆ ಅನುಮತಿ ಕೊಡಲಿಲ್ಲವಲ್ಲ, ಅದಕ್ಕೆ ದಣಿವು ಕಾರಣ ಆಗಲಾರದು. ಅಕ್ಟೋಬರ್ 2ಕ್ಕೆ ಎಲ್ಲ ಮುಗಿಯಿತು. ಲಂಡನ್ನಿನ ಪೋಲಿಷ್ ಸರ್ಕಾರಕ್ಕೆ ನಿಷ್ಠವಾಗಿದ್ದ ಒಂದು ತಲೆಮಾರೇ ಅಲ್ಲಿ ಸತ್ತಿತು. ಜನವರಿಯಲ್ಲಿ ಸ್ಟಾಲಿನ್ ತಮ್ಮ ಕಡೆಯ ಕಮ್ಯುನಿಸ್ಟರ ಲುಬ್ಲಿನ್ ಗುಂಪನ್ನೇ ಪೋಲೆಂಡಿನ ಸರ್ಕಾರ ಅಂತ ಮಾನ್ಯ ಮಾಡಿದರು. ಶುರುವಿನಲ್ಲಿ ಓದಿದ "ತಾತ್ಕಾಲಿಕ ಸರ್ಕಾರ" ಅಂದರೆ ಇದೇ.

ಈಗ ಯಾಲ್ಟಾ. 1945ರ ಫೆಬ್ರವರಿ 4ರಿಂದ 11. ಕೊನೆಯ ಝಾರ್ ದೊರೆಯ ಬೇಸಿಗೆ ಅರಮನೆ ಲಿವಾಡಿಯಾದಲ್ಲಿ ಸಭೆ. ಆ ಊರಿನ ಸುತ್ತಮುತ್ತ ಶತಮಾನಗಳಿಂದ ಬಾಳಿದ್ದ ಕ್ರೈಮಿಯಾದ ತಾತಾರರನ್ನು, 1.8 ಲಕ್ಷಕ್ಕೂ ಜಾಸ್ತಿ ಜನರನ್ನು, ಒಂಬತ್ತು ತಿಂಗಳ ಹಿಂದೆಯಷ್ಟೇ ಸ್ಟಾಲಿನ್ ರೈಲಿಗೆ ತುಂಬಿ ಮಧ್ಯ ಏಷ್ಯಾಕ್ಕೆ ಸಾಗಿಸಿದ್ದರು. ಜನರ ಸ್ವಾತಂತ್ರ್ಯದ ಬಗ್ಗೆ ಘೋಷಣೆ ಬರೆದದ್ದು ಇಂಥ ಖಾಲಿ ಊರುಗಳ ನಡುವೆ. ನನಗೆ ಈ ವಿವರ ಬಿಟ್ಟರೂ ಬಿಡುವುದಿಲ್ಲ.

ಆ ವಾರ ಸೈನ್ಯಗಳು ಎಲ್ಲಿದ್ದವು ನೋಡಿ. ಕೆಂಪು ಸೇನೆ ಓಡರ್ ನದಿಗೆ ಬಂದು ಬರ್ಲಿನ್ನಿಂದ ಸುಮಾರು 70 ಕಿ.ಮೀ. ದೂರದಲ್ಲಿತ್ತು. ಪೋಲೆಂಡಿನ ಬಹುತೇಕ ನೆಲ, ರೊಮೇನಿಯಾ, ಬಲ್ಗೇರಿಯಾ ಎಲ್ಲ ಅವರ ಕೈಯಲ್ಲಿ. ಅಮೆರಿಕ, ಬ್ರಿಟನ್ ಸೇನೆಗಳು ಇನ್ನೂ ರೈನ್ ನದಿಯನ್ನೇ ದಾಟಿರಲಿಲ್ಲ. ಜಮೀನಿನ ವ್ಯಾಜ್ಯ ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಪತ್ರ ಯಾರ ಹೆಸರಲ್ಲಿದ್ದರೂ, ಸ್ವಾಧೀನದಲ್ಲಿ ಇರುವವರನ್ನು ಎಬ್ಬಿಸುವುದು ಎಷ್ಟು ಕಷ್ಟ! ಸ್ಟಾಲಿನ್ ಇದನ್ನು ಮುಚ್ಚಿಡಲೂ ಇಲ್ಲ. ಆ ವಸಂತದಲ್ಲಿ ಯುಗೊಸ್ಲಾವಿಯಾದ ಕಮ್ಯುನಿಸ್ಟ್ ನಾಯಕ ಜಿಲಾಸ್ ಹತ್ತಿರ ಅವರು, ಈ ಯುದ್ಧ ಹಿಂದಿನ ಹಾಗಲ್ಲ, ಯಾರ ಸೈನ್ಯ ಎಲ್ಲಿಗೆ ಮುಟ್ಟುತ್ತದೋ ಅಲ್ಲಿ ಅವರವರ ವ್ಯವಸ್ಥೆ ಬರುತ್ತದೆ ಅಂದಿದ್ದರು.

ಮತ್ತೆ ರೂಸ್‌ವೆಲ್ಟ್ ಯಾಕೆ ಅಷ್ಟು ದೂರ ಹೋಗಿ ಕೂತರು? ಅವರಿಗೆ ಎರಡು ಬೇಕಿತ್ತು. ಒಂದು, ಜಪಾನ್ ವಿರುದ್ಧ ರಷ್ಯಾ. ಅಣುಬಾಂಬ್ ಇನ್ನೂ ಯಾರ ಕೈಗೂ ಬಂದಿರಲಿಲ್ಲ, ಜಪಾನಿನ ಮೇಲೆ ನೇರ ದಾಳಿ ಮಾಡಿದರೆ ಎಷ್ಟು ಸಾಯುತ್ತಾರೋ ಅನ್ನುವ ಭಯ. ಜರ್ಮನಿ ಸೋತ ಎರಡು ಮೂರು ತಿಂಗಳಲ್ಲಿ ಬರುತ್ತೇನೆ ಅಂತ ಸ್ಟಾಲಿನ್ ಒಪ್ಪಿದರು. ಬೆಲೆಯಾಗಿ ಕುರಿಲ್ ದ್ವೀಪಗಳು, ದಕ್ಷಿಣ ಸಖಾಲಿನ್, ಮಂಚೂರಿಯಾದ ರೈಲು ಮತ್ತು ಬಂದರಿನಲ್ಲಿ ಪಾಲು. ಮಂಚೂರಿಯಾ ಚೀನಾದ್ದು. ಚೀನಾವನ್ನು ಯಾರೂ ಕೇಳಲಿಲ್ಲ.

ಎರಡನೆಯದು ವಿಶ್ವಸಂಸ್ಥೆ. ದೊಡ್ಡ ದೇಶಗಳಿಗೆ ವೀಟೋ ಹೇಗೆ ಅನ್ನುವುದು ಅಲ್ಲಿ ಬಗೆಹರಿಯಿತು. ತನ್ನ ಹದಿನಾರೂ ಗಣರಾಜ್ಯಗಳಿಗೆ ಬೇರೆ ಬೇರೆ ಸೀಟು ಬೇಕು ಅಂತ ಮೊದಲು ಕೇಳಿದ್ದ ಸೋವಿಯತ್ ಕಡೆ ಕೊನೆಗೆ ಉಕ್ರೇನ್, ಬೆಲಾರುಸ್ ಎರಡಕ್ಕೆ ಇಳಿಯಿತು. ಚರ್ಚಿಲ್ ಅದಕ್ಕೆ ಅಡ್ಡಿ ಮಾಡಲಿಲ್ಲ, ಯಾಕೆಂದರೆ ಸ್ವಂತ ಆಡಳಿತವೇ ಇಲ್ಲದ ಭಾರತಕ್ಕೂ ಒಂದು ಸೀಟು ಕೊಡಿಸಿ ತಮ್ಮ ಕಡೆಯ ಲೆಕ್ಕ ಹೆಚ್ಚಿಸಿಕೊಳ್ಳಬೇಕಿತ್ತು. ಹಾಗೆ ಸಿಕ್ಕ ಸೀಟಿನಲ್ಲಿ ಕೂತು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಭಾರತದ ಪರವಾಗಿ ಸಹಿ ಹಾಕಿದವರು ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. ಮರುವರ್ಷ ಮೈಸೂರಿನ ದಿವಾನರಾಗಿ ಬಂದವರೂ ಅವರೇ.

ಜರ್ಮನಿಯನ್ನು ವಲಯಗಳಾಗಿ ಹಂಚುವ ನಕ್ಷೆ ಲಂಡನ್ನಿನಲ್ಲಿ ಮೊದಲೇ ತಯಾರಾಗಿತ್ತು. ಯಾಲ್ಟಾದಲ್ಲಿ ಅದಕ್ಕೆ ಫ್ರಾನ್ಸನ್ನು ಸೇರಿಸಿದರು. ಯುದ್ಧ ಪರಿಹಾರವಾಗಿ 2,000 ಕೋಟಿ ಡಾಲರ್, ಅದರಲ್ಲಿ ಅರ್ಧ ರಷ್ಯಾಕ್ಕೆ, ಇದು "ಚರ್ಚೆಗೆ ಆಧಾರ" ಅಂತ ಬರೆದರು. ನೋಡಿ, ಮತ್ತೆ ಅದೇ ದೀಪ. ರಷ್ಯಾ ಅದನ್ನು ಒಪ್ಪಿದ ಮೊತ್ತ ಅಂತ ಓದಿತು. ಬ್ರಿಟನ್ ಆ ಅಂಕಿಯನ್ನೇ ಒಪ್ಪಿರಲಿಲ್ಲ.

ವಿಮೋಚನೆಗೊಂಡ ಯುರೋಪಿನ ಘೋಷಣೆಯ ಕಥೆಯೂ ಇದೇ. ಅಮೆರಿಕದ ಕರಡಿನಲ್ಲಿ, ಈ ಜವಾಬ್ದಾರಿ ನಡೆಸಲು ಒಂದು ವ್ಯವಸ್ಥೆ ಕಟ್ಟುತ್ತೇವೆ ಅಂತ ಇತ್ತು. ಕೊನೆಯ ಪ್ರತಿಯಲ್ಲಿ ಉಳಿದದ್ದು, ಏನು ಮಾಡಬೇಕು ಅಂತ ಒಟ್ಟಿಗೆ ಸಮಾಲೋಚಿಸುತ್ತೇವೆ ಅನ್ನುವುದಷ್ಟೇ. ಅಷ್ಟಿದ್ದರೂ ಮೊಲೊಟೊವ್‌ಗೆ ಆತಂಕ ಇತ್ತಂತೆ. ಚಿಂತೆ ಬೇಡ, ಮುಂದೆ ನಮ್ಮ ರೀತಿಯಲ್ಲಿ ಜಾರಿ ಮಾಡೋಣ, ಬಲ ಯಾರ ಕಡೆ ಇದೆ ಅನ್ನುವುದು ಮುಖ್ಯ ಅಂತ ಸ್ಟಾಲಿನ್ ಸಮಾಧಾನ ಹೇಳಿದ್ದನ್ನು ಮೊಲೊಟೊವ್ ಮುಪ್ಪಿನಲ್ಲಿ ನೆನಪಿಸಿಕೊಂಡಿದ್ದಾರೆ. ಅಮೆರಿಕದ ಸೈನ್ಯ ಯುರೋಪಿನಲ್ಲಿ ಎರಡು ವರ್ಷಕ್ಕಿಂತ ಜಾಸ್ತಿ ಇರಲಾರದು ಅಂತ ಸಭೆಯ ಎರಡನೇ ದಿನವೇ ರೂಸ್‌ವೆಲ್ಟ್ ಬಾಯಿಬಿಟ್ಟಿದ್ದರು. ಎರಡು ವರ್ಷ ಕಾದರೆ ಮುಗಿಯಿತು ಅಂತ ಲೆಕ್ಕ ಹಾಕಲು ಇನ್ನೇನು ಬೇಕು?

ಎಂಟು ದಿನದಲ್ಲಿ ಬೇರೆ ಯಾವ ವಿಷಯಕ್ಕಿಂತಲೂ ಜಾಸ್ತಿ ಹೊತ್ತು ಹೋದದ್ದು ಪೋಲೆಂಡಿಗೆ. ಚರ್ಚಿಲ್ ಹೇಳಿದ್ದು: ನಾವು ಯುದ್ಧಕ್ಕೆ ಇಳಿದದ್ದೇ ಪೋಲೆಂಡಿಗಾಗಿ, ಇದು ನಮ್ಮ ಮಾನದ ಪ್ರಶ್ನೆ. ಸ್ಟಾಲಿನ್ ಎದ್ದು ನಿಂತು ಕೊಟ್ಟ ಉತ್ತರ: ನಮಗೆ ಮಾನದ್ದೂ ಹೌದು, ಜೀವದ್ದೂ ಹೌದು, ಮೂವತ್ತು ವರ್ಷದಲ್ಲಿ ಎರಡು ಸಲ ಜರ್ಮನಿ ಆ ದಾರಿಯಿಂದಲೇ ನಮ್ಮ ಮನೆಗೆ ನುಗ್ಗಿದೆ. ಇಬ್ಬರ ಮಾತೂ ಸುಳ್ಳಲ್ಲ. ಮುಕ್ತ ಚುನಾವಣೆ ನಡೆದರೆ ಪೋಲೆಂಡಿನ ಜನ ರಷ್ಯಾಕ್ಕೆ ಬೇಕಾದ ಸರ್ಕಾರ ಆರಿಸುವುದಿಲ್ಲ ಅನ್ನುವುದೇ ತೊಡಕು. ರಷ್ಯಾಕ್ಕೆ ಹಿತವಾದ ಮತ್ತು ಜನರೇ ಆರಿಸಿದ ಸರ್ಕಾರ, ಎರಡೂ ಒಟ್ಟಿಗೆ ಬೇಕು ಅಂತ ಕಾಗದದಲ್ಲಿ ಬರೆಯಬಹುದು. ಕಾಟಿನ್ ಆದ ಮೇಲೆ, ವಾರ್ಸಾ ಆದ ಮೇಲೆ, ನೆಲದ ಮೇಲೆ ಅದು ಹೇಗೆ ಸಾಧ್ಯ?

ಅದಕ್ಕೇ ಆ "ಮರುರಚನೆ". ಜೊತೆಗೆ ಆದಷ್ಟು ಬೇಗ ಮುಕ್ತ ಚುನಾವಣೆ. ರಾಯಭಾರಿಗಳು ಚುನಾವಣೆಯ ಮೇಲೆ ಕಣ್ಣಿಡಬೇಕು ಅನ್ನುವ ಮಾತನ್ನು ಮೊಲೊಟೊವ್ ಪಟ್ಟುಹಿಡಿದು ತೆಗೆಸಿದರು. ಕರಡು ನೋಡಿದ ಸೇನಾ ಸಲಹೆಗಾರ ಅಡ್ಮಿರಲ್ ಬಿಲ್ ಲೇಹಿ ರೂಸ್‌ವೆಲ್ಟ್‌ಗೆ ಹೇಳಿದರು, ಇದು ಎಷ್ಟು ಎಳೆದರೂ ಬರುತ್ತದೆ, ರಷ್ಯನ್ನರು ಯಾಲ್ಟಾದಿಂದ ವಾಷಿಂಗ್ಟನ್ ತನಕ ಎಳೆದರೂ ಒಪ್ಪಂದ ಮುರಿದ ಹಾಗಾಗುವುದಿಲ್ಲ. ರೂಸ್‌ವೆಲ್ಟ್ ಅಂದರು: ಗೊತ್ತು ಬಿಲ್, ಆದರೆ ಸದ್ಯಕ್ಕೆ ಪೋಲೆಂಡಿಗಾಗಿ ನನ್ನ ಕೈಲಾಗುವುದು ಇಷ್ಟೇ. ಆಗ ಅವರ ರಕ್ತದೊತ್ತಡ ವಿಪರೀತ ಏರಿತ್ತು, ಬದುಕಿದ್ದು ಇನ್ನೆರಡೇ ತಿಂಗಳು. ಕಾಯಿಲೆಯಿಂದಾಗಿ ಅವರು ಮೋಸ ಹೋದರು ಅಂತ ಹೇಳುವವರಿದ್ದಾರೆ. ಈ ಮಾತು ಓದಿದರೆ ನನಗೆ ಹಾಗನ್ನಿಸುವುದಿಲ್ಲ. ಅವರಿಗೆ ಎಲ್ಲ ತಿಳಿದಿತ್ತು.

ಗಡಿಯ ಗೆರೆ ಸರಿಸಿದ್ದು ಯಾರಿಗೆ ತಗುಲಿತು ಅಂತ ತಿಳಿಯಲು ಪೋಲೆಂಡಿಗೇ ಹೋಗಬೇಕಿಲ್ಲ. ಬೆಳಗಾವಿಯಿಂದ ನೂರು ಕಿ.ಮೀ. ಆಸುಪಾಸಿನಲ್ಲಿ, ಕೊಲ್ಹಾಪುರದ ಪಕ್ಕದ ವಳಿವಡೆಯಲ್ಲಿ, 1943ರಿಂದ ಸುಮಾರು 5,000 ಪೋಲಿಷ್ ನಿರಾಶ್ರಿತರ ಒಂದು ಊರೇ ಇತ್ತು. ಹೆಚ್ಚಿನವರು ಹೆಂಗಸರು, ಮಕ್ಕಳು. 1940-41ರಲ್ಲಿ ಪೂರ್ವ ಪೋಲೆಂಡಿನ ಮನೆಗಳಿಂದ ಎಬ್ಬಿಸಿ ಸೈಬೀರಿಯಾ, ಕಜಕಸ್ತಾನಕ್ಕೆ ತಳ್ಳಿದ್ದ ಕುಟುಂಬಗಳು, ಇರಾನ್ ಹಾದು ಇಲ್ಲಿಗೆ ಬಂದಿದ್ದವು. ಯುದ್ಧ ಮುಗಿದರೆ ಮನೆಗೆ ಹೋಗುತ್ತೇವೆ ಅಂತ ಕಾದಿದ್ದರು. ಯಾಲ್ಟಾದ ಸುದ್ದಿ ಬಂದಾಗ ಆ ಮನೆಗಳಿದ್ದ ನೆಲವೇ ಇನ್ನೊಂದು ದೇಶವಾಗಿತ್ತು. ಅವರ ಗಂಡಂದಿರು, ಅಣ್ಣಂದಿರು ಇಟಲಿಯಲ್ಲಿ ಮಿತ್ರಪಕ್ಷದ ಪರವಾಗಿಯೇ ಹೋರಾಡಿ ಮಾಂಟೆ ಕಸೀನೊ ಗೆದ್ದುಕೊಟ್ಟಿದ್ದರು. ಬಹಳಷ್ಟು ಜನ ಆಮೇಲೆ ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಅಂತ ಚದುರಿ ಹೋದರು.

ಕಾಗದದ ಶಾಯಿ ಆರುವ ಮೊದಲೇ ಎಳೆದಾಟ ಶುರುವಾಯಿತು. ಫೆಬ್ರವರಿ 27ರಂದು ಚರ್ಚಿಲ್ ಲಂಡನ್ನಿನ ಸಂಸತ್ತಿನಲ್ಲಿ ರಷ್ಯಾದ ಸರ್ಕಾರದಷ್ಟು ಮಾತು ಉಳಿಸಿಕೊಳ್ಳುವ ಸರ್ಕಾರ ನಾನು ಕಂಡಿಲ್ಲ ಅನ್ನುವ ಅರ್ಥದ ಭಾಷಣ ಮಾಡಿದರು. ಅದೇ ದಿನ ಸೋವಿಯತ್ ಪ್ರತಿನಿಧಿ ವಿಶಿನ್‌ಸ್ಕಿ ಬುಕಾರೆಸ್ಟ್‌ನಲ್ಲಿ ರೊಮೇನಿಯಾದ ರಾಜನ ಮುಂದೆ ನಿಂತು ಸರ್ಕಾರ ಬದಲಿಸು ಅಂತ ಒತ್ತಡ ಹಾಕುತ್ತಿದ್ದರು. ಮಾರ್ಚ್ 6ಕ್ಕೆ ಬದಲಾಯಿತು. ಚರ್ಚಿಲ್ ಗಟ್ಟಿಯಾಗಿ ಆಕ್ಷೇಪಿಸಲಾರದೆ ಹೋದರು, ಯಾಕೆಂದರೆ ಆ ಅರ್ಧ ಹಾಳೆ ಇತ್ತಲ್ಲ. ಅದೇ ತಿಂಗಳು ಪೋಲೆಂಡಿನ ಭೂಗತ ಚಳವಳಿಯ 16 ನಾಯಕರನ್ನು ಮಾತುಕತೆಗೆ ಅಂತ ಕರೆದು ಹಿಡಿದು ಮಾಸ್ಕೋದ ಜೈಲಿಗೆ ಹಾಕಿದರು. ಆ ಕಡೆ ಸ್ಟಾಲಿನ್‌ಗೂ ಒಂದು ಸಿಟ್ಟು. ಇಟಲಿಯಲ್ಲಿದ್ದ ಜರ್ಮನ್ ಸೇನೆಯ ಶರಣಾಗತಿ ಬಗ್ಗೆ ಅಮೆರಿಕದವರು ಸ್ವಿಟ್ಜರ್ಲೆಂಡಿನಲ್ಲಿ ಗುಟ್ಟಾಗಿ ಮಾತಾಡುತ್ತಿದ್ದರು, ರಷ್ಯನ್ನರನ್ನು ಒಳಗೆ ಬಿಟ್ಟಿರಲಿಲ್ಲ.

ಏಪ್ರಿಲ್ 12ರಂದು ರೂಸ್‌ವೆಲ್ಟ್ ತೀರಿಕೊಂಡರು. ಉಪಾಧ್ಯಕ್ಷರಾಗಿ 82 ದಿನ ಕಳೆದಿದ್ದ ಟ್ರೂಮನ್‌ಗೆ ಹಿಂದಿನ ಮಾತುಕತೆಗಳ ಒಳಸುಳಿ ಗೊತ್ತಿರಲಿಲ್ಲ. ಅವರು ಯಾಲ್ಟಾದ ಪದಗಳನ್ನು ಇದ್ದ ಹಾಗೇ ಓದಿದರು. ಮುಕ್ತ ಚುನಾವಣೆ ಅಂತ ಬರೆದಿದೆ, ಹಾಗಾದರೆ ಮಾಡಿ. ಮೇ ತಿಂಗಳಲ್ಲಿ ಜರ್ಮನಿ ಶರಣಾದ ಕೂಡಲೇ ರಷ್ಯಾಕ್ಕೆ ಹೊರಟಿದ್ದ ಸಾಮಾನಿನ ಹಡಗುಗಳನ್ನೂ ಅರ್ಧ ದಾರಿಯಿಂದ ತಿರುಗಿಸಿದರು. ತಪ್ಪಾಯಿತು ಅಂತ ಸರಿಪಡಿಸಿದರೂ ಮಾಸ್ಕೋ ಅದನ್ನು ಮರೆಯಲಿಲ್ಲ.

ಬರ್ಲಿನ್ ಪಕ್ಕದ ಪಾಟ್ಸ್‌ಡಾಮ್‌ನಲ್ಲಿ ಮೂವರ ಮುಂದಿನ ಸಭೆ ನಡೆದದ್ದು ಜುಲೈ 17ರಿಂದ ಆಗಸ್ಟ್ 2ರವರೆಗೆ. ನಡುವೆ ಚುನಾವಣೆ ಸೋತು ಚರ್ಚಿಲ್ ಮನೆಗೆ ಹೋದರು, ಹೊಸ ಪ್ರಧಾನಿ ಆಟ್ಲಿ ಬಂದು ಕೂತರು. ಸಭೆಯ ಹಿಂದಿನ ದಿನವೇ ಅಮೆರಿಕದ ನ್ಯೂ ಮೆಕ್ಸಿಕೊ ಮರುಭೂಮಿಯಲ್ಲಿ ಮೊದಲ ಅಣುಬಾಂಬ್ ಸಿಡಿದಿತ್ತು. 24ರಂದು ಟ್ರೂಮನ್ ಸ್ಟಾಲಿನ್ ಹತ್ತಿರ ಹೋಗಿ, ನಮ್ಮ ಬಳಿ ಅಸಾಮಾನ್ಯ ಶಕ್ತಿಯ ಒಂದು ಹೊಸ ಆಯುಧ ಇದೆ ಅಂತಷ್ಟೇ ಹೇಳಿದರು. ಸ್ಟಾಲಿನ್ ಮುಖದಲ್ಲಿ ಏನೂ ಬದಲಾಗಲಿಲ್ಲ. ಕ್ಲಾಸ್ ಫುಕ್ಸ್‌ನಂಥ ಗೂಢಚಾರರಿಂದ ಅವರಿಗೆ ಅಷ್ಟರಲ್ಲಿ ಗೊತ್ತಿತ್ತು. ಮಿತ್ರರು ನನ್ನಿಂದ ಏನು ಮುಚ್ಚಿಟ್ಟಿದ್ದಾರೆ ಅನ್ನುವುದೂ ಗೊತ್ತಿತ್ತು. ಬಾಂಬ್ ಬಂದ ಮೇಲೆ ಜಪಾನ್ ವಿರುದ್ಧ ರಷ್ಯಾ ಬೇಕೇ ಬೇಕು ಅನ್ನುವ ಆತುರ ಅಮೆರಿಕಕ್ಕೆ ಕಡಿಮೆಯಾಯಿತು. ಆದರೆ ಸ್ಟಾಲಿನ್ ಮಾತಿನಂತೆ ಜರ್ಮನಿ ಶರಣಾಗಿ ಸರಿಯಾಗಿ ಮೂರು ತಿಂಗಳಿಗೆ, ಆಗಸ್ಟ್ 8ರಂದು, ಯುದ್ಧ ಸಾರಿದರು. ಹಿರೋಷಿಮಾ ಆಗಿ ಎರಡು ದಿನ ಕಳೆದಿತ್ತು.

ಯುದ್ಧ ಪರಿಹಾರದ ಜಗಳ ಪಾಟ್ಸ್‌ಡಾಮಿನಲ್ಲಿ ಒಂದು ಸೂತ್ರಕ್ಕೆ ಬಂತು: ಪ್ರತಿಯೊಬ್ಬರೂ ತಮ್ಮ ತಮ್ಮ ವಲಯದಿಂದ ತೆಗೆದುಕೊಳ್ಳಲಿ, ಪಶ್ಚಿಮ ವಲಯದಿಂದ ಒಂದಿಷ್ಟು ಯಂತ್ರ ರಷ್ಯಾಕ್ಕೆ ಹೋಗಲಿ. ಕೇಳಲು ಸರಳ. ಆದರೆ ಅದೇ ಕಾಗದ ಜರ್ಮನಿಯನ್ನು ಒಂದೇ ಆರ್ಥಿಕ ಘಟಕವಾಗಿ ನೋಡಬೇಕು ಅಂತಲೂ ಹೇಳುತ್ತಿತ್ತು. ಅಡುಗೆಮನೆ ಬೇರೆ ಮಾಡಿ, ಸಂಸಾರ ಒಂದೇ ಅಂದ ಹಾಗಾಯಿತು. ಜರ್ಮನಿ ಎರಡಾಗುವ ದಾರಿ ಬಿದ್ದದ್ದು ಅಲ್ಲೇ ಅಂತ ನಾನು ಓದುತ್ತೇನೆ.

ಮುಂದಿನದು ಬೇಗ ಬೇಗ ಆಯಿತು. ಇರಾನಿನ ಒಳವಿಷಯಗಳಲ್ಲಿ ಸೈನ್ಯ ಇಟ್ಟುಕೊಂಡು ಕೈಹಾಕುತ್ತಿದೆ ಅಂತ ರಷ್ಯಾದ ಮೇಲೆ 1946ರ ಜನವರಿಯಲ್ಲಿ ದೂರು ಬಂತು, ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದೆ ಬಂದ ಮೊದಲ ದೂರೇ ಅದು. ಮಾರ್ಚ್‌ನಲ್ಲಿ ಅಮೆರಿಕದ ಫುಲ್ಟನ್‌ನಲ್ಲಿ ಚರ್ಚಿಲ್ ಯುರೋಪಿನ ನಡುವೆ ಇಳಿದ ಕಬ್ಬಿಣದ ಪರದೆಯ ಮಾತಾಡಿದರು. 1947ರಲ್ಲಿ ಕಮ್ಯುನಿಸಂ ಹರಡದಂತೆ ತಡೆಯುವ ಟ್ರೂಮನ್ ಸಿದ್ಧಾಂತ, ಯುರೋಪಿಗೆ ಹಣದ ನೆರವು ಕೊಡುವ ಮಾರ್ಷಲ್ ಯೋಜನೆ. 1948ರ ಜೂನ್ 24ಕ್ಕೆ ಸ್ಟಾಲಿನ್ ಪಶ್ಚಿಮ ಬರ್ಲಿನ್ನಿಗೆ ಹೋಗುವ ರಸ್ತೆ, ರೈಲು ಎಲ್ಲ ಬಂದ್ ಮಾಡಿದರು.

ಬರ್ಲಿನ್ ಇದ್ದದ್ದು ಸೋವಿಯತ್ ವಲಯದ ಒಳಗೆ, ಪಶ್ಚಿಮದ ವಲಯಗಳಿಂದ 160 ಕಿ.ಮೀ.ಗೂ ಜಾಸ್ತಿ ದೂರದಲ್ಲಿ. ನಗರವನ್ನು ನಾಲ್ಕು ಭಾಗ ಮಾಡಿದವರು ಅಲ್ಲಿಗೆ ರಸ್ತೆಯಲ್ಲಿ ಹೋಗುವ ಹಕ್ಕನ್ನು ಬರೆಸಿಕೊಂಡಿರಲಿಲ್ಲ. 1945ರ ಜೂನ್‌ನಲ್ಲಿ ಸೋವಿಯತ್ ಮಾರ್ಷಲ್ ಝುಕೊವ್ ಮತ್ತು ಅಮೆರಿಕದ ಜನರಲ್ ಕ್ಲೇ ನಡುವೆ ಆದದ್ದು ಬಾಯಿ ಮಾತು. ಆದರೆ ವಿಮಾನಗಳು ಒಂದಕ್ಕೊಂದು ಡಿಕ್ಕಿ ಹೊಡೆಯಬಾರದು ಅಂತ ಆ ನವೆಂಬರ್‌ನಲ್ಲಿ ಮೂರು ವಾಯುಮಾರ್ಗಗಳನ್ನು ಅಗಲದ ಸಮೇತ ಲಿಖಿತವಾಗಿ ಗೊತ್ತು ಮಾಡಿದ್ದರು. ರಸ್ತೆ ಮುಚ್ಚಿದ ಸ್ಟಾಲಿನ್ ಆ ಮೂರು ದಾರಿಗಳನ್ನು ಮುಚ್ಚಲಿಲ್ಲ. ಅವುಗಳಲ್ಲೇ ಸುಮಾರು 2.77 ಲಕ್ಷ ಹಾರಾಟಗಳಲ್ಲಿ 23 ಲಕ್ಷ ಟನ್ ಕಲ್ಲಿದ್ದಲು, ಹಿಟ್ಟು, ಹಾಲಿನಪುಡಿ ಹೋಯಿತು. 1949ರ ಮೇ 12ರಂದು ರಸ್ತೆ ತೆರೆಯಿತು. ಇಡೀ ಯುದ್ಧಕಾಲದ ಒಪ್ಪಂದಗಳ ರಾಶಿಯಲ್ಲಿ ಎರಡು ಅರ್ಥಕ್ಕೆ ಎಡೆಯಿಲ್ಲದೆ ಬರೆದಿದ್ದ ಕೆಲವೇ ಕಾಗದಗಳಲ್ಲಿ ಆ ವಾಯುಮಾರ್ಗಗಳದ್ದೂ ಒಂದು, ಬರೆದವರು ನಾಯಕರೂ ಅಲ್ಲ.

ಪೋಲೆಂಡಿನ ವಿಷಯ ಹೇಳದೆ ಮುಗಿಸಲಾರೆ. ಚುನಾವಣೆಗೆ ಎಷ್ಟು ದಿನ ಬೇಕಾಗಬಹುದು ಅಂತ ಯಾಲ್ಟಾದಲ್ಲಿ ರೂಸ್‌ವೆಲ್ಟ್ ಕೇಳಿದ್ದರು. ಯುದ್ಧರಂಗದಲ್ಲಿ ಅನಾಹುತ ಆಗದಿದ್ದರೆ ಒಂದು ತಿಂಗಳು ಸಾಕು ಅಂತ ಸ್ಟಾಲಿನ್ ಉತ್ತರ ಕೊಟ್ಟಿದ್ದರು. 1947ರ ಜನವರಿಯಲ್ಲಿ ಒಂದು ಚುನಾವಣೆ ನಡೆಯಿತು, ವಿರೋಧಿಗಳನ್ನು ಜೈಲಿಗೆ ಹಾಕಿ, ಲೆಕ್ಕ ತಿದ್ದಿ. ಆಮೇಲೆ ಜನ ತಮಗೆ ಬೇಕಾದವರಿಗೆ ಮತ ಹಾಕಿ ಅದು ಎಣಿಕೆಗೆ ಬಂದದ್ದು 1989ರ ಜೂನ್ 4ರಂದು. ಅವತ್ತೂ ಕೆಳಮನೆಯ ಶೇ 35 ಸೀಟುಗಳಿಗೆ ಮಾತ್ರ ಮುಕ್ತ ಸ್ಪರ್ಧೆ ಇತ್ತು.